ಗುರುತಿನವರಿಲ್ಲದ ಊರಿನ ಹಿಮ

ಶಿಗ್ಗಾಂವಿ,
ತಾ. 26-11-1944

ಡೆಹರಾಡೂನಿನ ಮಿಲಿಟರಿ ಉಗ್ರಾಣದ ಕಾರಕೂನ ಹೊಳಬಸಪ್ಪನವರಿಗೆ, ಅವರ ಹೆಂಡತಿ ಅಡಿವೆವ್ವನ ಶರಣಾರ್ಥಿ.

ನಿಮ್ಮ ಹೆಸರು ಬರೆದೆನೆಂದು ಸಿಟ್ಟಾಗಬೇಡಿರಿ. ಗಂಡನ ಹೆಸರು ಬಾಯಲ್ಲಿ ತರಬಾರದು, ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಕಲಿಸಿದ್ದಳು. ಲಕೋಟೆಯ ಮೇಲೆ ಹೇಗೂ ಬರೆಯಲೇಬೇಕು, ಒಳಗೂ ಬರೆದರೆ ಏನು ಹೆಚ್ಚು ಕಡಿಮೆಯಾದೀತು? ಚರಣಕಮಲ ಗಿರಣಕಮಲ ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಸೆನ್ಸಾರಿನವರು ಒಡೆದು ಓದುವುದಾದರೆ ಧಾರಾಳವಾಗಿ ಓದಲಿ. ನನಗೊಬ್ಬ ಗಂಡನಿದ್ದಾನೆಂದು ಅವರಿಗಾದರೂ ಗೊತ್ತಾಗಲಿ.

ನಿಮ್ಮ ಪತ್ರ ಮುಟ್ಟಿತು. ಪತ್ರವೇನು, ಮದುವೆಯ ಯಾದಿಯಷ್ಟು ಉದ್ದ. ಕ್ರಿಸ್ತರ ನಾತಾಳ ಹಬ್ಬದ ರಜೆಯಲ್ಲಿ ನಿಮಗೆ ಹತ್ತು ದಿನ ಬಿಡುವಂತೆ. ನಿಮ್ಮ ಡಿಪೋದ ಡ್ರೈವರ್ ಬಾಬಾಜಾನ ಈಗ ಸವಣೂರಿಗೆ ಬಂದಿದ್ದಾನೆ, ಮರಳುವಾಗ ಹೆಂಡತಿಯನ್ನೂ ಕರೆದೊಯ್ಯುತ್ತಾನೆ, ನಾನು ಅವರ ಜೊತೆ ಹುಬ್ಬಳ್ಳಿಯಲ್ಲಿ ಗಾಡಿ ಹತ್ತಬೇಕಂತೆ. ಪುಣೆಯಲ್ಲಿ ಇಳಿದು ಹತ್ತಬೇಕು, ಮುಂಬಯಿಯಲ್ಲಿ ಇಳಿದು ಹತ್ತಬೇಕು. ಡೆಹರಾಡೂನ್ ಸ್ಟೇಶನ್ನಿಗೆ ನೀವು ಬಂದಿರುತ್ತೀರಿ, ಅಲ್ಲಿಂದ ಮೋಟಾರಿನಲ್ಲಿ ಮಸ್ಸೂರಿ ಗುಡ್ಡ. ಚಳಿಗೆ ಹೆದರಿ ಕೆಳಗಿಳಿದ ಯಾವನೋ ಸಾಹೇಬನ ಬಂಗಲೆಯಲ್ಲಿ ಎರಡು ಖೋಲಿ ಮಾತಾಡಿ ಇಟ್ಟಿದ್ದೀರಿ. ಖೋಲಿಯೊಳಗೇ ಬೆಂಕಿಯ ಗೂಡು, ಕಿಟಕಿಯ ಹೊರಗೆ ಹಿಮ. ಭಪ್ಪರೇ! ನಿಮ್ಮ ತಲೆಯಲ್ಲಿ ಇಷ್ಟೊಂದು ಯೋಚನೆ ಹಿಡಿಸುತ್ತದೆಂದು ನನಗೆ ತಿಳಿದಿರಲಿಲ್ಲ. ಮದುವೆಯಾಗಿ ಐದು ವರ್ಷವಾಯಿತು. ನಿಮ್ಮೂರು ಹತ್ತಿಮತ್ತೂರಿನಿಂದ ಸವಣೂರ ಸಂತೆಗೆ ಒಮ್ಮೆಯಾದರೂ ನನ್ನನ್ನು ಕರೆದುಕೊಂಡು ಹೋದವರೇ ನೀವು?

ಹಿಮ ಬೀಳುವುದು ಹೇಗೆಂದು ಒಂದು ಹಾಳೆಯ ತುಂಬ ಬರೆದಿದ್ದೀರಿ. ಸದ್ದಿಲ್ಲದೆ ಬೀಳುತ್ತದೆ, ಒಡೆದ ಹತ್ತಿಕಾಯಿಯ ಅರಳೆ ಗಾಳಿಗೆ ಹಾರಿದ ಹಾಗೆ ಎಂದಿದ್ದೀರಿ. ಸುಳ್ಳೇಕೆ ಹೇಳಲಿ, ಆ ಹಾಳೆಯನ್ನು ಎರಡು ಸಲ ಓದಿದೆ. ನಾನು ಕಲಿಸುವ ಶಾಲೆಯ ಹುಡುಗಿಯರು ಮನೆಗೆ ಹೋದ ಮೇಲೆ ಗೋಡೆಯ ನಕಾಶೆಯಲ್ಲಿ ಡೆಹರಾಡೂನ್ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದೆ. ಮಸ್ಸೂರಿ ಅದರಲ್ಲಿ ಇರಲಿಲ್ಲ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂರು ಸುಗ್ಗಿ ನಿಮ್ಮವ್ವನ ಹೊಲದ ಹತ್ತಿ ಬಿಡಿಸಿ ಬೆರಳು ಸೀಳಿಸಿಕೊಂಡವಳಿಗೆ ಹತ್ತಿಯ ಆಸೆ ತೋರಿಸುತ್ತೀರಲ್ಲ, ನಿಮಗೇನು ಹೇಳಬೇಕು.

ಕಂಬಳಿ ತರಬೇಡ, ಕರೀ ಕಂಬಳಿ ಹೊದ್ದುಕೊಂಡರೆ ಅಲ್ಲಿಯ ಜನ ನಗುತ್ತಾರೆ, ಕೋಟು ಕೊಡಿಸುತ್ತೇನೆ ಎಂದಿದ್ದೀರಿ. ಆಯಿತು, ಜನರಿಗೆ ಹೆದರುವುದು ನಿಮಗೆ ಹೊಸದಲ್ಲ. ಅದರ ಕೆಳಗೇ ಇನ್ನೊಂದು ಮಾತು. ಅಲ್ಲಿಯ ಸ್ನೇಹಿತರಿಗೆಲ್ಲ ನನ್ನ ಹೆಸರು ಸುಶೀಲಾ ಎಂದು ಹೇಳಿದ್ದೀರಿ, ಇರುವಷ್ಟು ದಿನ ನಾನು ಆ ಹೆಸರಿಗೇ ಓಗೊಡಬೇಕಂತೆ. ಅಯ್ಯ ಶಿವನೆ! ಹೆಂಡತಿ ಬೇಕು, ಅಡಿವೆವ್ವ ಬೇಡ. ಹಾಗಿದ್ದರೆ ಆ ಸುಶೀಲಾಳನ್ನೇ ಕರೆಸಿಕೊಳ್ಳಿರಿ. ಅವಳ ವಿಳಾಸ ನನಗೆ ಗೊತ್ತಿಲ್ಲ.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೊನೆಗೆ ಬರೆದಿದ್ದೀರಲ್ಲ, “ಅಲ್ಲಿ ನಮ್ಮ ಗುರುತಿನವರು ಯಾರೂ ಇರುವುದಿಲ್ಲ, ಮನಸ್ಸು ಬಿಚ್ಚಿ ಇರಬಹುದು” ಎಂದು, ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಗುರುತಿನವರಿಲ್ಲದ ಕಡೆ ಗಂಡನಾಗಲು ಯಾವ ಗಂಡಸಿಗೂ ಬರುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನನಗೆ ಗುರುತಿನವರ ಮುಂದೆ ಗಂಡ ಬೇಕಾಗಿತ್ತು.

ಎರಡು ವರ್ಷದ ಹಿಂದಿನ ಆ ದಿನ ನೆನಪಿದೆಯೇ? ನಿಮ್ಮವ್ವ ಮುದಕವ್ವನವರು ನನ್ನನ್ನು ಬಂಜೆ ಎಂದರು, ಚಿಕ್ಕೇರೂರಿನಿಂದ ನಿಮಗೆ ಬೇರೆ ಹುಡುಗಿ ತರುತ್ತೇನೆಂದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಬಾಯಿ, ಸುಮ್ಮನಿರಲಿಲ್ಲ, ಎದುರು ಮಾತಾಡಿದೆ. ತುರುಬು ಹಿಡಿದು ಊರ ಮುಂದಿನ ಅಗಸಿ ಬಾಗಿಲವರೆಗೆ ಎಳೆದು ತಂದರು. ಅಗಸಿಯ ಕಟ್ಟೆಯ ಮೇಲೆ ಊರ ಗಂಡಸರೆಲ್ಲ ಕುಳಿತಿದ್ದರು, ನೀವೂ ಕುಳಿತಿದ್ದಿರಿ. ಎಲ್ಲರೂ ನನ್ನನ್ನು ನೋಡಿದರು. ನೀವೊಬ್ಬರು ಮಾತ್ರ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತ ಕುಳಿತಿರಿ. ಹೆಂಡತಿಯ ಸೆರಗು ಹಿಡಿದವನು ಎಂದು ನಾಲ್ಕು ಜನ ನಕ್ಕಾರು ಎಂಬ ಹೆದರಿಕೆ. ನಾನು ಉಟ್ಟ ಸೀರೆಯಲ್ಲಿ ಶಿಗ್ಗಾಂವಿಯ ದಾರಿ ಹಿಡಿದೆ. ತವರಿಗೆ ಹೋದ ಹೆಣ್ಣನ್ನು ಗಂಡನ ಮನೆಯವರು ಬುತ್ತಿ ಕಟ್ಟಿಕೊಂಡು ಬಂದು ಕರೆದೊಯ್ಯಬೇಕು, ಕರೆಯದೆ ಹೋಗುವುದು ನಮ್ಮಲ್ಲಿ ನಗೆಗೇಡು. ಯಾರೂ ಕರೆಯಲು ಬರಲಿಲ್ಲ. ನೀವು ಪಲ್ಟಣಿ ಸೇರಿದ ಸುದ್ದಿಯನ್ನು ಬಸ್ಸಿನ ಏಜಂಟನ ಬಾಯಿಂದ ಕೇಳಿದೆ.

ಆಮೇಲೆ ಈ ಶ್ರಾವಣದಲ್ಲಿ ರಜೆಗೆ ಬಂದಿರಿ. ಮನೆಯಲ್ಲಿ ರಜೆ ಮುಗಿಯಿತೆಂದು ಸುಳ್ಳು ಹೇಳಿ, ನನ್ನನ್ನು ಹುಬ್ಬಳ್ಳಿಗೆ ಕರೆಸಿದಿರಿ. ನಾನೂ ಅವ್ವನಿಗೆ ಶಾಲೆಯ ಕೆಲಸವೆಂದು ಸುಳ್ಳು ಹೇಳಿ ಬಂದೆ. ನಿಮ್ಮ ಸ್ನೇಹಿತ ಮಾಳಪ್ಪ ತನ್ನ ಖೋಲಿಯ ಬೀಗದ ಕೈ ಕೊಟ್ಟು ಊರಿಗೆ ಹೋಗಿದ್ದ, ಪುಣ್ಯಾತ್ಮ ನನ್ನ ಮುಖವನ್ನೂ ನೋಡಿದವನಲ್ಲ. ಆ ಖೋಲಿಯಲ್ಲಿ ನೀವು ಬೇರೆಯೇ ಮನುಷ್ಯ. ಹುರಿದ ಸೇಂಗಾ ಸುಲಿದು ನನ್ನ ಕೈಯಲ್ಲಿ ಹಾಕಿದಿರಿ. ನಾನು ನಮ್ಮ ಶಾಲೆಯ ಸುದ್ದಿ ಹೇಳಿದರೆ ಗೋಡೆ ಬಿರಿಯುವಂತೆ ನಕ್ಕಿರಿ. ಇಂಥ ಗಂಡ ನನಗಿದ್ದಾನೆಯೇ ಎಂದು ಬೆರಗಾಗಿ ಎಲ್ಲ ಮರೆತೆ. ಬಹಳ ಸುಖವಾಗಿದ್ದೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಹೊರಡುವ ದಿನ ದುರ್ಗದ ಬೈಲಿನ ಪೇಟೆಯಲ್ಲಿ ಬಳೆ ಇಡಿಸಲು ಕರೆದೊಯ್ದಿರಿ. ಒಂದು ಕೈಗೆ ಬಳೆ ಆಗಿತ್ತು, ಇನ್ನೊಂದು ಕೈ ಬಳೆಗಾರ ಖಾದರಸಾಬನ ಕೈಯಲ್ಲಿತ್ತು. ಅಷ್ಟರಲ್ಲಿ ನಿಮ್ಮೂರ ಹತ್ತಿ ದಲಾಲಿ ನೀಲಪ್ಪ ದೂರದಲ್ಲಿ ಕಂಡ. ನೀವು ನನ್ನ ಚೀಲವನ್ನು ನೆಲಕ್ಕಿಟ್ಟು, ಗುರುತೇ ಇಲ್ಲದವರ ಹಾಗೆ ರಸ್ತೆ ದಾಟಿ, ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಚಹದ ಅಂಗಡಿಗೆ ನಡೆದುಬಿಟ್ಟಿರಿ. “ಯಾಕವ್ವಾ, ನಿಮ್ಮ ಯಜಮಾನ್ರು ಎತ್ತಾಗ ಹ್ವಾದ್ರು?” ಎಂದು ಖಾದರಸಾಬ ಕೇಳಿದ. “ಅವ್ರು ನಮ್ಮವರಲ್ರಿ, ಯಾರೋ ದಾರಿ ಕೇಳಿದ್ರು” ಎಂದೆ. ನೀವು ಮಾಡಿದ್ದಕ್ಕಿಂತ ನನ್ನ ಬಾಯಿಂದ ಆ ಮಾತು ಹೊರಡಿಸಿದ್ದನ್ನು ನಾನು ಸಾಯುವತನಕ ಕ್ಷಮಿಸುವುದಿಲ್ಲ.

ಈಗ ಸರಿಯಾಗಿ ಕುಳಿತು ಓದಿರಿ. ನನಗೆ ನಾಲ್ಕನೇ ತಿಂಗಳು. ಬಂಜೆ ಎಂದು ತುರುಬು ಹಿಡಿಸಿಕೊಂಡವಳು ಬಸರಾಗಿದ್ದೇನೆ. ಗಂಡ ಎಲ್ಲಿಯೋ ಪಲ್ಟಣಿಯಲ್ಲಿ, ಹೆಂಡತಿ ತವರಿನಲ್ಲಿ, ನಾವಿಬ್ಬರು ಕೂಡಿದ್ದನ್ನು ಕಂಡ ಒಂದು ನರಪಿಳ್ಳೆಯಿಲ್ಲ. ಮಾಳಪ್ಪ ನನ್ನನ್ನು ನೋಡಲಿಲ್ಲ. ಖಾದರಸಾಬನಿಗೆ ನೀವು ನಮ್ಮವರಲ್ಲವೆಂದು ನಾನೇ ಹೇಳಿದೆ. ನೀಲಪ್ಪನೊಬ್ಬ ಅಂದು ನಮ್ಮಿಬ್ಬರನ್ನು ಜೊತೆಯಲ್ಲಿ ಕಂಡಿದ್ದರೆ ಇಂದು ಊರ ಮುಂದೆ ನನಗೆ ಸಾಕ್ಷಿಯಾಗುತ್ತಿದ್ದ. ಅವನಿಂದಲೇ ತಪ್ಪಿಸಿಕೊಂಡು ಓಡಿದಿರಿ ನೀವು.

ಅವ್ವ ಭರಮವ್ವ ನನ್ನ ತಾಟಿನಲ್ಲಿ ಉಳಿದ ರೊಟ್ಟಿ ನೋಡಿಯೇ ತಿಳಿದುಕೊಂಡಳು. ಹುಬ್ಬಳ್ಳಿಯ ಸಂಗತಿಯನ್ನೆಲ್ಲ ಹೇಳಿದೆ. “ಖರೇನ?” ಎಂದು ಒಂದೇ ಮಾತು ಕೇಳಿ ಒಲೆಯ ಕಡೆ ತಿರುಗಿ ಕುಳಿತಳು. ಹೆತ್ತ ತಾಯಿ ಹಾಗೆ ಕೇಳಿದ ಮೇಲೆ ಊರವರು ಏನೆಲ್ಲ ಕೇಳಿಯಾರು, ನೀವೇ ಯೋಚಿಸಿರಿ. ಶಾಲೆಯವರು ಗುಸುಗುಸು ಶುರುವಾದ ದಿನವೇ ನನ್ನನ್ನು ಮನೆಗೆ ಕಳಿಸುತ್ತಾರೆ. ಮೊದಲೇ ಏಕೆ ಬರೆಯಲಿಲ್ಲ ಎಂದು ಮಾತ್ರ ಕೇಳಬೇಡಿರಿ. ಹೊಟ್ಟೆಯಲ್ಲಿ ಮಗುವಿದೆ ಎಂದು ಹೆದರಿಸಿ ಗಂಡನನ್ನು ಕರೆಸಿಕೊಳ್ಳುವ ಆಸೆ ನನಗಿರಲಿಲ್ಲ. ದೀಪಾವಳಿಗಾದರೂ ನೀವಾಗಿಯೇ ಕರೆಯಲು ಬಂದೀರೆಂದು ಕಾದೆ. ಬಂದದ್ದು ಮಸ್ಸೂರಿಯ ಪತ್ರ.

ಮಸ್ಸೂರಿಗೆ ಬರುವುದಿಲ್ಲ. ಬಂದರೆ ನೀವು ಸೇಂಗಾ ಸುಲಿದು ಕೊಡುತ್ತೀರಿ, ಕೋಟು ಹೊದಿಸುತ್ತೀರಿ, ಹಿಮದಲ್ಲಿ ಕೈ ಹಿಡಿದು ನಡೆಸುತ್ತೀರಿ, ಎಲ್ಲ ಖರೆ. ಮತ್ತೆ ಕದ್ದು ಗಾಡಿ ಹತ್ತಿದವಳಂತೆ ಇಲ್ಲಿಗೆ ಬಂದು ಇಳಿಯುತ್ತೇನೆ, ಆಗ ಹೊಟ್ಟೆ ಎದ್ದು ಕಾಣುತ್ತಿರುತ್ತದೆ. ಅಲ್ಲಿ ಸುಶೀಲಾಳಿಗೆ ಗಂಡನಿದ್ದ ಎಂದು ಇಲ್ಲಿ ಯಾರಿಗೆ ಹೇಳಲಿ?

ನಿಮ್ಮ ಗಂಡಸುತನಕ್ಕೆ ಒಂದೇ ಒಂದು ದಾರಿ ಬಿಟ್ಟಿದ್ದೇನೆ. ಹಿಮ ನೋಡಲು ಇಟ್ಟುಕೊಂಡ ಅದೇ ರಜೆಯಲ್ಲಿ ಇಲ್ಲಿಗೆ ಬನ್ನಿರಿ. ಹಗಲು ಹೊತ್ತಿನಲ್ಲಿ ಶಿಗ್ಗಾಂವಿಗೆ ಬಂದು ಅವ್ವನೆದುರು ನನ್ನನ್ನು ಕರೆಯಿರಿ. ಹತ್ತಿಮತ್ತೂರಿನ ಅಗಸಿಯಲ್ಲಿ, ಕಟ್ಟೆ ತುಂಬ ಜನ ಕುಳಿತಿರುವಾಗ, ನನ್ನ ಜೊತೆ ನಡೆಯಿರಿ. ಹತ್ತು ಮಾರು ಮುಂದೆ ಅಲ್ಲ, ಜೊತೆಯಲ್ಲಿ. ಹಿಮಾಲಯ ಹತ್ತುವುದಕ್ಕಿಂತ ಅದು ನಿಮಗೆ ಕಷ್ಟವೆಂದು ಬಲ್ಲೆ. ಆಗದಿದ್ದರೆ ಆ ಎರಡು ಖೋಲಿಯಲ್ಲಿ ಒಬ್ಬರೇ ಕುಳಿತು ಬೆಂಕಿ ಕಾಯಿಸಿಕೊಳ್ಳಿರಿ. ನನ್ನ ಕೂಸಿಗೆ ಅಪ್ಪನಿಲ್ಲವೆಂದು ಹೇಳಿ ಬೆಳೆಸುವ ಎದೆಗಾರಿಕೆ ನನಗಿದೆ.

ಬಾಬಾಜಾನ ಬಂದಿದ್ದ. “ಅಕ್ಕಾರ, ಹೊಳಬಸಪ್ಪನವ್ರು ನಿಮ್ಮ ದಾರೀನ ಕಾಯಾಕತ್ತಾರ್ರಿ, ಭಾಳ ಆಸೆ ಇಟ್ಕೊಂಡಾರ್ರಿ” ಎಂದ. “ಆಸೆ ಇದ್ದವ್ರು ತಾವ ಬರ್ಬೇಕಪ್ಪಾ, ಹೆಂಡ್ತೀನ ಪಾರ್ಸಲ್ ಮಾಡಿ ತರಿಸ್ಕೊಳ್ಳೂದಲ್ಲ” ಎಂದು ಹೇಳಿ, ಚಹ ಕೊಟ್ಟು ಕಳಿಸಿದೆ. ಅವನ ಮೇಲೆ ಸಿಟ್ಟು ಮಾಡಬೇಡಿರಿ, ಅವನು ಹೆಂಡತಿಯನ್ನು ತನ್ನ ಜೊತೆಗೇ ಕರೆದೊಯ್ಯುತ್ತಿದ್ದಾನೆ.

ಸಾಕ್ಷಿಯಿಲ್ಲದ ನಿಮ್ಮ ಹೆಂಡತಿ,
ಅಡಿವೆವ್ವ

ತಾ.ಕ.:
ಹತ್ತಿಮತ್ತೂರು,
ತಾ. 4-12-1944

ಮೇಲಿನದನ್ನು ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡೆ. ನೀವು ಬಂದೀರೆಂಬ ನಂಬಿಕೆ ನನಗೆ ಹುಟ್ಟಲಿಲ್ಲ. ಇಂದು ಮುಂಜಾನೆ ಶಾಲೆಗೆ ರಜೆ ಹಾಕಿ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಸವಣೂರಿಗೆ, ಅಲ್ಲಿಂದ ಚಕ್ಕಡಿ ಗಾಡಿಯಲ್ಲಿ ನಿಮ್ಮೂರಿಗೆ ಬಂದೆ. ಯಾರೂ ಕರೆಯದೆ, ಒಬ್ಬಳೇ. ಅಗಸಿಯಲ್ಲಿ ಇಳಿದಾಗ ಕಟ್ಟೆಯ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ನಡುರಸ್ತೆಯಲ್ಲೇ ನಡೆದೆ.

ನಿಮ್ಮವ್ವ ಬಾಗಿಲಿಗೆ ಅಡ್ಡ ನಿಂತು, “ಯಾರ ಕರದ್ರು ನಿನ್ನ?” ಎಂದರು. “ನಿಮ್ಮ ಮೊಮ್ಮಗ ಕರಕೊಂಡು ಬಂದಾನ್ರಿ” ಎಂದು ಹುಬ್ಬಳ್ಳಿಯ ಸಂಗತಿ ಹೇಳಿದೆ. ಬಹಳ ಹೊತ್ತು ನನ್ನ ಹೊಟ್ಟೆ ನೋಡಿದರು. ಬಯ್ಯಲಿಲ್ಲ. “ಇದು ನನ್ನ ಮಗನ ಬಾಯಿಂದ ಬರ್ಲಿ, ಅಲ್ಲೀಮಟ ಹೊಸ್ತಿಲ ದಾಟಬ್ಯಾಡ” ಎಂದರು. ಮನೆಯ ಹೊರಗಿನ ಜಗಲಿಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಬುಟ್ಟಿಯಲ್ಲಿ ರೊಟ್ಟಿ ತಂದಿಟ್ಟು ಒಳಗೆ ಹೋದರು.

ಉತ್ತರವನ್ನು ನನಗೆ ಬರೆಯಬೇಡಿರಿ, ಅವರಿಗೇ ಬರೆಯಿರಿ. ಅವರಿಗೆ ಓದು ಬರುವುದಿಲ್ಲ, ನಾನು ಓದಿ ಹೇಳಿದರೆ ನಂಬುವುದಿಲ್ಲವಂತೆ. ಅಗಸಿಯ ಕಟ್ಟೆಯ ಮೇಲೆ ಊರವರೆದುರು ಗುದ್ಲೆಪ್ಪ ಮಾಸ್ತರರಿಂದ ಗಟ್ಟಿಯಾಗಿ ಓದಿಸುತ್ತಾರಂತೆ.

ಮಾಸ್ತರರಿಗೆ ಈಗ ಕಣ್ಣು ಮಂದವಾಗಿದೆ. ಅಕ್ಷರ ದೊಡ್ಡದಾಗಿ ಬರೆಯಿರಿ.