ಹೆಸರು ತಪ್ಪಿದ ಚಾಪೆ

ಪತ್ತಮಡೈ
೯ ಮಾರ್ಚ್ ೨೦೨೪, ಶನಿವಾರ

ನನ್ನ ಪ್ರೀತಿಯ ವಡಿವು ಅಕ್ಕನಿಗೆ,

ನಿಮ್ಮ ಜೈತೂನಳ ಸಲಾಮು ಮತ್ತು ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಮುಂದಿನ ವಾರ ಉಪವಾಸ ಶುರುವಾಗುತ್ತದೆ, ಆಮೇಲೆ ಪೆನ್ನು ಹಿಡಿಯಲು ಪುರಸೊತ್ತಾಗುವುದಿಲ್ಲ ಎಂದು ಇವತ್ತೇ ಕೂತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀವು ಸಂಡಿಗೆ ಮಾರುವುದಕ್ಕೆ ವೆಬ್‌ಸೈಟ್ ಮಾಡುತ್ತೇನೆಂದು ಹೇಳಿದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. “ಏನೇನು ಮಾಡಬೇಕು, ಏನು ಮಾಡಬಾರದು, ಎಲ್ಲಾ ಕಾಗದದಲ್ಲಿ ಬರೆದು ಕಳ್ಸಮ್ಮಾ. ಫೋನಲ್ಲಿ ಹೇಳಿದ್ದು ಒಗ್ಗರಣೆ ಹೊಗೆ ಜೊತೆ ಹೋಗ್ಬಿಡತ್ತೆ. ಅಡುಗೆಮನೆ ಗೋಡೆಗೆ ಅಂಟಿಸ್ಕೋತೀನಿ” ಅಂದಿರಿ. ಫೋನಿಟ್ಟ ಮೇಲೆ ತುಂಬಾ ನಕ್ಕೆ ಅಕ್ಕ. ಹೋದ ವರ್ಷ ಇಡೀ ಲೋಕ ಓದುವ ಹಾಗೆ ನನ್ನ ಅಂಗಡಿಯ ಗೋಡೆಗೆ ಬರೆದು ಅಂಟಿಸಿದವರು ನೀವು. ಈಗ ನಿಮ್ಮ ಗೋಡೆಗೆ ನಾನು ಬರೆಯಬೇಕಂತೆ!

ಬುದ್ಧಿ ಹೇಳುವುದು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಅದರಲ್ಲಿ ನಿಮ್ಮ ಕಡೆಯದು ನಿಮಗೆ ಗೊತ್ತು, ನಮ್ಮ ಕಡೆಯದು ಗೊತ್ತಿಲ್ಲ.

ನಮ್ಮ ಬೀದಿಯಲ್ಲಿ ಚಾಪೆಯ ಮಗ್ಗಗಳು ಒಂದೊಂದಾಗಿ ಬಿಚ್ಚಿ ಅಟ್ಟ ಸೇರುತ್ತಿದ್ದ ಕಾಲ ಅದು. ಪ್ಲಾಸ್ಟಿಕ್ ಚಾಪೆ ಬಂದ ಮೇಲೆ ಸಂತೆಯಲ್ಲಿ ನಮ್ಮದನ್ನು ಮುಟ್ಟಿ ನೋಡುವವರೂ ಕಡಿಮೆಯಾದರು. ನಮ್ಮ ಮನೆಯವರು, ಮೀರಾನ್, ಹೊಳೆಯ ದಂಡೆಯಿಂದ ಜೊಂಡು ಕೊಯ್ದು ತರುತ್ತಾರೆ, ನಾನು ಬಣ್ಣ ಹಾಕುತ್ತೇನೆ, ಅತ್ತೆ ಪಾತ್ತುಮುತ್ತು ಮಾಮಿ ಮತ್ತು ಬೀದಿಯ ಹೆಂಗಸರು ನೇಯುತ್ತಾರೆ. ವಧೂವರರ ಹೆಸರು ನೇಯ್ದ ಮದುವೆ ಚಾಪೆಯನ್ನು ವೆಬ್‌ಸೈಟಿನಲ್ಲಿ ಮಾರಿದರೆ ದೂರದೂರಿನವರೂ ಕೊಂಡಾರು ಅನ್ನುವುದು ನನ್ನ ಆಸೆ. ಇದೂ ಆಗದಿದ್ದರೆ ನಮ್ಮ ಮಗ್ಗವನ್ನೂ ಬಿಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು.

ಪೇಟೆಯ ಒಬ್ಬ ಹುಡುಗ ವೆಬ್‌ಸೈಟ್ ಮಾಡಿಕೊಟ್ಟ. ತೆರೆದರೆ ನಾದಸ್ವರ, ಮೇಲಿನಿಂದ ಉದುರುವ ಮಲ್ಲಿಗೆ ಹೂವು, ಚಾಪೆಯ ಮೇಲೆ ಕೂತ ಬಿಳೀ ಹೆಂಗಸು. ನೋಡಿ ನನಗೆ ಹೆಮ್ಮೆಯೋ ಹೆಮ್ಮೆ. ಆರ್ಡರು ಮಾತ್ರ ಇಲ್ಲ. ಎಷ್ಟೋ ದಿನಕ್ಕೆ ಬಂದ ಮೊದಲ ದೊಡ್ಡ ಆರ್ಡರು ರಾಜಪಾಳಯದ್ದು, ನಿಮ್ಮದು. ವಧು ನಿಮ್ಮ ಮಗಳು ಕಯಲ್ವಿೞಿ, ವರ ಪೂವರಸನ್.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲದ್ದು. ಆ ಹುಡುಗ ಮಾಡಿದ ಆರ್ಡರಿನ ಪುಟದಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಬರೆಯಬಹುದಿತ್ತು. ಅದನ್ನು ಯಂತ್ರವೇ ತಮಿಳಿಗೆ ತಿರುಗಿಸಿ ಚೀಟಿ ಮಾಡಿಕೊಡುತ್ತಿತ್ತು. ನಾಲಿಗೆ ಮಡಚಿ ಹೇಳುವ ನಮ್ಮ ೞ ಆ ಯಂತ್ರಕ್ಕೆ ಎಲ್ಲಿಂದ ಗೊತ್ತಾಗಬೇಕು? ಅದು ಬರೀ ಳ ಹಾಕಿತು, ಕಣ್ಣು ಅನ್ನುವ ವಿೞಿ ಕೂಗು ಅನ್ನುವ ವಿಳಿ ಆಯಿತು. ಮಗ್ಗದ ಮುಂದೆ ಕೂತವರು ಹೆಸರನ್ನು ಓದುವುದಿಲ್ಲ ಅಕ್ಕ, ಅಕ್ಷರದ ಗೆರೆ ನೋಡಿ ಕಡ್ಡಿ ಎಣಿಸಿ ನೇಯುತ್ತಾರೆ. ಚೀಟಿ ನೋಡಬೇಕಾದ ನಾನು ಬಣ್ಣದ ಹಂಡೆಯ ಮುಂದೆ ಇದ್ದೆ. ಹೀಗೆ ಮೀನಿನಂಥ ಕಣ್ಣಿನವಳು ಎಂಬ ಚೆಂದದ ಹೆಸರು ಹೋಗಿ, ಬೀದಿಯಲ್ಲಿ ಮೀನು ಕೂಗುವವಳು ಎಂಬರ್ಥ ಬರುವ ಚಾಪೆ ನಿಮ್ಮ ಮನೆ ಸೇರಿತು.

ನೀವು ನಮ್ಮ ಪುಟದಲ್ಲಿ ಬರೆದದ್ದು ನನಗೆ ಬಾಯಿಪಾಠ. “ನೆಂಟರೆಲ್ಲ ಸೇರಿದ್ದಾಗ ಚಾಪೆ ಬಿಚ್ಚಿದೆವು. ಬೀಗರ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ನೇಯಲು ಬಾರದವರು ಅಂಗಡಿ ಯಾಕೆ ತೆರೆಯಬೇಕು? ಇವರ ಹತ್ತಿರ ಯಾರೂ ಕೊಳ್ಳಬೇಡಿ.” ಕೆಳಗೆ ಒಂದೇ ಒಂದು ನಕ್ಷತ್ರ. ಅದಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲವಂತೆ, ಇಲ್ಲದಿದ್ದರೆ ಅದನ್ನೂ ನೀವು ಕೊಡುತ್ತಿರಲಿಲ್ಲ!

ಅದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮವರು “ಅಳಿಸಿ ಹಾಕು. ನಮ್ಮ ಗೋಡೆ, ನಮ್ಮ ಸುಣ್ಣ. ಯಾರ್ ಕೇಳ್ತಾರೆ?” ಅಂದರು. ನಮ್ಮ ದೊಡ್ಡಪ್ಪನ ಮಗ ಶಾಹುಲ್ ಇನ್ನೂ ಮುಂದೆ ಹೋದ. “ರಾತ್ತಾ, ನಮ್ಮಕ್ಕಾ, ನೀನು ಹೂಂ ಅನ್ನು, ಸಾಕು. ಮದ್ರಾಸಿನವರು, ಮಧುರೈನವರು, ಸಿಂಗಾಪುರದವರು, ಎಲ್ಲರ ಹೆಸರಲ್ಲೂ ನಾನೇ ಬರೀತೀನಿ, ಚಾಪೆ ಅಂದ್ರೆ ಇದಪ್ಪಾ ಅಂತ. ಆಯಮ್ಮನ ಮಾತು ಅಡಿಗೆ ಹೋಗಿಬಿಡತ್ತೆ.”

ಮಾಮಿ ಜೊಂಡು ಸೀಳುತ್ತಾ ಕೂತಿದ್ದರು. “ಯಾಕೋ ಶಾಹುಲು, ಆಯಮ್ಮ ಸುಳ್ಳೇನಾದ್ರೂ ಬರೆದಿದ್ದಾಳಾ?”

“ಸುಳ್ಳಲ್ಲ ಮಾಮಿ, ಆದ್ರೂ...”

“ಮದ್ವೆ ಹುಡುಗೀನ ಮೀನು ಮಾರೋಳು ಅಂತ ನೇಯ್ದು ಕಳ್ಸಿದೀವಿ. ನಾನಾಗಿದ್ರೆ ಬಸ್ಸು ಹತ್ತಿ ಬಂದು ಜಡೆ ಹಿಡೀತಿದ್ದೆ. ಬರೆದು ಸುಮ್ಮನಾಗಿದ್ದಾಳಲ್ಲ, ಒಳ್ಳೇಳು!”

ಅಲ್ಲಿಗೆ ಅಳಿಸುವ ಮಾತು ಮುಗಿಯಿತು. ನಿಮ್ಮ ಮಾತಿನ ಕೆಳಗೇ ನಾನು ಉತ್ತರ ಬರೆದೆ. ತಪ್ಪು ನಮ್ಮದೇ, ನಮ್ಮ ಆರ್ಡರಿನ ಪುಟ ತಮಿಳು ತಿಳಿಯದ್ದು, ನಾನೂ ಚೀಟಿ ನೋಡಲಿಲ್ಲ, ಈಗಲೇ ನಿಮಗೆ ಫೋನ್ ಮಾಡುತ್ತೇನೆ ಎಂದು. ಬರೆದ ಮೇಲೆ ಮಾಡದೆ ಇರುವ ಹಾಗಿರಲಿಲ್ಲ. ಫೋನ್ ಮಾಡಿದೆ. ನೀವು ಬೈದಿರಿ. ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಕೇಳಿದೆ, “ಅಕ್ಕಾ, ಮದ್ವೆ ಯಾವತ್ತು?” ಮುಂದಿನ ವಾರ ಬಿಟ್ಟು ಅದರ ಮುಂದಿನ ವಾರ ಅಂದಿರಿ. ರೇಷ್ಮೆಯ ಹಾಗೆ ಮಡಚುವ ಚಾಪೆಗೆ ತಿಂಗಳು ಬೇಕು. ಅದನ್ನೂ ಮುಚ್ಚಿಡಲಿಲ್ಲ. “ಅಷ್ಟು ನಯ ಬೇಕಂದ್ರೆ ಆಗಲ್ಲ ಅಕ್ಕ. ಸ್ವಲ್ಪ ದಪ್ಪ ಕಡ್ಡೀದು ಆಗತ್ತೆ. ಆಗೋದನ್ನೇ ಹೇಳ್ತಿದೀನಿ.” ನೀವು “ನಿನ್ ಹೆಸರೇನಮ್ಮಾ?” ಅಂದಿರಿ. ಆಗಲೇ ನನಗೆ ಅರ್ಧ ಜೀವ ಬಂತು.

ಸೀಳಿಟ್ಟ ಜೊಂಡು ಇದ್ದದ್ದು ಮಧುರೈನ ಇನ್ನೊಂದು ಮದುವೆಗೆ. ಅವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿ, ಬಳಸಿಕೊಳ್ಳಲೇ ಎಂದು ಕೇಳಿದೆ. ಅವರು ನಿಮ್ಮ ಬೈಗುಳ, ನನ್ನ ಉತ್ತರ ಎರಡನ್ನೂ ಓದಿಬಿಟ್ಟಿದ್ದರು. “ತಗೊಳ್ಳಿ, ನಮ್ಮದಕ್ಕೆ ಟೈಮಿದೆ. ಆ ಹುಡುಗಿ ಹೆಸರು ಮಾತ್ರ ಸರಿಯಾಗಿ ಬರ್ಲಿ” ಅಂದರು. ಬಿಚ್ಚಿ ಅಟ್ಟಕ್ಕೇರಿಸಿದ್ದ ಮಗ್ಗದ ಒಡತಿಯರೆಲ್ಲ ನಮ್ಮ ಪಡಸಾಲೆಗೆ ಬಂದರು. ಎದುರುಮನೆಯ ರಹಮತ್ತು, ಮೂಲೆಮನೆಯ ಸೈನಂಬು, ಬೆನ್ನುನೋವೆಂದು ವರ್ಷದಿಂದ ಕಡ್ಡಿ ಮುಟ್ಟದವರೂ. ಇಬ್ಬರು ಏಳುವುದು, ಇಬ್ಬರು ಕೂರುವುದು. ಬೆಳಕು ಇರುವಷ್ಟು ಹೊತ್ತೂ ಮಗ್ಗ ಖಾಲಿ ಬೀಳಲಿಲ್ಲ. ದೀಪದಲ್ಲಿ ಕೆಂಪು ಯಾವುದು ಕಪ್ಪು ಯಾವುದು ತಿಳಿಯುವುದಿಲ್ಲವೆಂದು ಸಂಜೆಗೆ ಎದ್ದು, ಚಹಾ ಕುಡಿದು, ಅವರವರ ಅತ್ತೆಯರನ್ನು ಬೈದು ಮನೆಗೆ ಹೋಗುತ್ತಿದ್ದರು. ಹೆಸರಿನ ಜಾಗ ಬಂದಾಗ ರಹಮತ್ತು ಕೂಗಿದಳು: “ಎಲ್ಲಾರೂ ಒಂದ್ಸಲ ನಾಲಿಗೆ ಮಡಚ್ರೇ!” ಇಡೀ ಪಡಸಾಲೆ ಒಟ್ಟಿಗೆ “ವಿೞಿ” ಅಂದಿತು. ಎಷ್ಟೋ ದಿನದ ಮೇಲೆ ನಮ್ಮ ಬೀದಿ ಹಾಗೆ ನಕ್ಕಿದ್ದು.

ಅಂಚೆಯನ್ನು ನಂಬದೆ ಚಾಪೆ ಹೊತ್ತುಕೊಂಡು ನಾನೇ ಬಸ್ಸು ಹತ್ತಿದೆ. ಅವತ್ತು ನೀವು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದು ನೆನಪಿದೆಯೇ? ಚಾಪೆ ಬಿಚ್ಚಿದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಿರಿ. ಆಮೇಲೆ ಒಳಗೆ ಹೋಗಿ ಸಂಡಿಗೆ ಕರಿದು ತಂದಿರಿ. ಈರುಳ್ಳಿ ಸಂಡಿಗೆ. ಅದನ್ನು ತಿಂದಾಗಲೇ ಹೇಳಿದೆನಲ್ಲ, ಇದನ್ನು ಮಾರಿ ಅಕ್ಕ ಎಂದು.

ತಪ್ಪಿದ ಚಾಪೆಯನ್ನು ವಾಪಸ್ ಒಯ್ಯಲು ಕೈ ಹಾಕಿದರೆ ಕಯಲ್ವಿೞಿ ಅದರ ಮೇಲೇ ಕೂತುಬಿಟ್ಟಳು. “ಇದನ್ನ ಕೊಡಲ್ಲ ಅಕ್ಕ. ಸರಿಯಾದ್ದು ಮದ್ವೇಗೆ. ಇದು ಜಗಳಕ್ಕೆ. ಮದ್ವೆ ಆದ್ಮೇಲೆ ಅವ್ರು ಜಗಳಕ್ಕೆ ಬಂದ ದಿನ ಇದನ್ನ ಹಾಸಿ ಕೂತು ಬೀದಿಗೆ ಕೇಳೋ ಹಾಗೆ ಕೂಗ್ತೀನಿ!” ಪೂವರಸನ್‌ನ ತಾಯಿಯೂ ಅಲ್ಲೇ ಇದ್ದರು. ಮೊದಲು ನಕ್ಕವರೇ ಅವರು.

ಮದುವೆ ಮುಗಿಸಿ ನೀವು ಮತ್ತೆ ನಮ್ಮ ಪುಟಕ್ಕೆ ಬಂದು ಬರೆದಿರಿ. ಹಳೆಯ ಮಾತನ್ನು ತೆಗೆಯಲಿಲ್ಲ, ಹೊಸ ಚಾಪೆಯ ಕತೆಯನ್ನು ಅದರ ಕೆಳಗೆ ಸೇರಿಸಿದಿರಿ. ಈಗ ಆರ್ಡರು ಮಾಡುವವರಲ್ಲಿ ಅರ್ಧಕ್ಕರ್ಧ ಜನ ಫೋನೆತ್ತಿದ ಕೂಡಲೇ “ಆ ಮೀನಿನ ಚಾಪೆಯವರಾ?” ಎಂದು ಕೇಳುತ್ತಾರೆ. ನಮ್ಮವರ ಮಾತು ಕೇಳಿ ಅಳಿಸಿದ್ದರೆ ಇವರ್ಯಾರೂ ಬರುತ್ತಿರಲಿಲ್ಲ.

ನಿಮ್ಮ ಮನೆಯಿಂದ ಊರಿಗೆ ಬಂದ ಮೇಲೆ ನಾನು ಮಾಡಿದ ಒಂದು ಕೆಲಸವನ್ನು ನೀವೂ ತಪ್ಪದೆ ಮಾಡಿ. ಮಾಮಿಯ ಕೈಗೆ ಫೋನು ಕೊಟ್ಟು, “ನಮ್ಮ ಅಂಗಡೀಲಿ ಒಂದು ಚಾಪೆ ಕೊಂಡ್ಕೊಳ್ಳಿ” ಅಂದೆ. ಏನೇ ಆದರೂ ಬಾಯಿ ಬಿಡಬಾರದು, ನೋಡುತ್ತಾ ಇರಬೇಕು ಎಂದು ಸೆರಗು ಕಚ್ಚಿಕೊಂಡು ಕೂತೆ. ನಾದಸ್ವರ ಜೋರಾಗಿ ಶುರುವಾದ ಕೂಡಲೇ ಮಾಮಿ ಫೋನನ್ನು ಮಡಿಲಿಗೆ ಹಾಕಿಕೊಂಡರು. “ಇದೇನೇ, ಅಂಗಡಿಗೆ ಕಳ್ಸಿದ್ಯೋ ಮದ್ವೆ ಚಪ್ಪರಕ್ಕೋ?” ಆಮೇಲೆ ಬಿಳೀ ಹೆಂಗಸು. “ಇವಳ್ಯಾರು? ಕೂತಿರೋದು ಪ್ಲಾಸ್ಟಿಕ್ ಚಾಪೆ ಅಲ್ವೇನೇ!” ನೋಡಿದರೆ ಹೌದು! ಆ ಹುಡುಗ ಎಲ್ಲಿಂದಲೋ ತಂದು ಹಾಕಿದ ಚಿತ್ರ. ನಾನು ದಿನಾ ನೋಡುತ್ತಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೆಲೆ ಎಲ್ಲಿದೆ ಎಂದು ಹುಡುಕಿ ಹುಡುಕಿ ಮಾಮಿಗೆ ಸಾಕಾಯಿತು. ಕೊನೆಗೆ ಅದು ಪಾಸ್‌ವರ್ಡ್ ಕೇಳಿತು.

“ಹಾಗಂದ್ರೇನು?”

“ಗುಟ್ಟಿನ ಮಾತು ಮಾಮಿ.”

“ಚಾಪೆ ಕೊಳ್ಳೋಕೆ ಬಂದೋಳ ಗುಟ್ಟು ಕಟ್ಕೊಂಡು ಇವನಿಗೇನಾಗ್ಬೇಕು? ನನ್ನ ಗುಟ್ಟು ನಿನ್ನ ಮಾವಂಗೇ ಹೇಳಿಲ್ಲ ನಾನು!” ಎಂದು ಫೋನನ್ನು ನನ್ನ ಕೈಗೆ ತುರುಕಿ ಎದ್ದು ಹೋದರು.

ಮಾಮಿ ಎದ್ದ ಹಾಗೆಯೇ ಇಷ್ಟು ದಿನ ಅದೆಷ್ಟು ಜನ ಎದ್ದು ಹೋಗಿದ್ದರೋ! ನಾದಸ್ವರ ತೆಗೆಸಿದೆ, ಹೂವು ತೆಗೆಸಿದೆ, ಗುಟ್ಟಿನ ಮಾತು ಕೇಳುವುದನ್ನೂ ತೆಗೆಸಿ ಬೆಲೆಯನ್ನು ಮೇಲೆಯೇ ಹಾಕಿಸಿದೆ. ಬಿಳೀ ಹೆಂಗಸಿನ ಜಾಗದಲ್ಲಿ ನಮ್ಮ ಜಗುಲಿಯ ಬೆಳಗಿನ ಬಿಸಿಲಲ್ಲಿ ನಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತ ಮಾಮಿ ಬಂದರು. ಮಾಮಿಯನ್ನು ನೋಡಿಯೇ ಅಳತೆ ತಿಳಿಯುವುದರಿಂದ ಚಾಪೆ ಎಷ್ಟು ಉದ್ದವೆಂದು ಈಗ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಆ ವೆಬ್‌ಸೈಟಿನ ವಿಳಾಸ ಹುಡುಗನ ಹೆಸರಿನಲ್ಲಿತ್ತು. ನನ್ನ ಹೆಸರಿಗೆ ಬರೆಸಿಕೊಳ್ಳಲು ಅವನ ಹಿಂದೆ ಓಡಾಡಿ ಚಪ್ಪಲಿ ಸವೆಯಿತು. ಅಕ್ಕ, ನೀವು ಮೊದಲ ದಿನವೇ ವಿಳಾಸವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಬೀಗದ ಕೈ ನಿಮ್ಮ ಸೆರಗಿನಲ್ಲಿರಲಿ. ಈಗ ಹೆಸರನ್ನು ಗಿರಾಕಿಗಳೇ ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ನಾನು ಅದನ್ನು ಕೈಯಲ್ಲಿ ದೊಡ್ಡದಾಗಿ ಬರೆದು ಫೋಟೊ ಕಳಿಸುತ್ತೇನೆ. ಅವರು ಸರಿ ಅಂದ ಮೇಲೆಯೇ ಮಗ್ಗಕ್ಕೆ. ನಮ್ಮವರು ಹೊಳೆಯ ದಂಡೆಯಲ್ಲಿ ಸಿಗ್ನಲ್ ಕುಂಟುವ ಕಡೆ ನಿಂತು ಪುಟ ತೆರೆದು ನೋಡುತ್ತಾರೆ. ಒಂದು ಹೊರೆ ಕಟ್ಟುವಷ್ಟರಲ್ಲೂ ತೆರೆಯದಿದ್ದರೆ ಫೋಟೊ ಚಿಕ್ಕದು ಮಾಡು ಎಂದು ಮನೆಗೆ ಬಂದು ಗದರುತ್ತಾರೆ. ಅಳಿಸು ಅಂದವರೇ ಈಗ ನನಗೆ ಮೇಸ್ತ್ರಿ.

ನಿಮ್ಮ ಸಂಡಿಗೆಗೆ ಬರುತ್ತೇನೆ. ಒಣಗಿದ್ದು ಒಂದು ಕೈಯಲ್ಲಿ, ಕರಿದದ್ದು ಇನ್ನೊಂದು ಕೈಯಲ್ಲಿ, ನೀವೇ ಹಿಡಿದು ಫೋಟೊ ತೆಗೆಸಿ. ಕರಿದರೆ ಎಷ್ಟು ಅರಳುತ್ತದೆ ಎಂದು ಕಾಣಲಿ. ಖಾರ ಹೆಚ್ಚಿದ್ದರೆ ಹೆಚ್ಚು ಎಂದೇ ಬರೆಯಿರಿ, ಮಕ್ಕಳಿರುವ ಮನೆಯವರು ನಿಮ್ಮನ್ನು ಹರಸುತ್ತಾರೆ. ಅಂಚೆಯ ಖರ್ಚನ್ನು ಬೆಲೆಯ ಪಕ್ಕದಲ್ಲೇ ಹಾಕಿ. ಕೊನೆಯಲ್ಲಿ ಸೇರಿಸಿದರೆ ಜನ ಮೋಸ ಹೋದವರ ಹಾಗೆ ಎದ್ದುಹೋಗುತ್ತಾರೆ. ಮಳೆಗಾಲದಲ್ಲಿ ಬಿಸಿಲಿಲ್ಲ, ಸಂಡಿಗೆಯೂ ಇಲ್ಲ ಎಂದು ಧೈರ್ಯವಾಗಿ ಹೇಳಿ, ಕಾಯುವವರು ಕಾಯುತ್ತಾರೆ. ಫೋನ್ ನಂಬರು ಮೇಲ್ಗಡೆಯೇ ಇರಲಿ, ಯಾವ ಹೊತ್ತಿಗೆ ಎತ್ತುತ್ತೀರಿ ಎಂದೂ ಇರಲಿ. ಮಾತಾಡುವ ಹಾಗೆಯೇ ಬರೆಯಿರಿ ಅಕ್ಕ, ದೊಡ್ಡ ದೊಡ್ಡ ಮಾತು ಬೇಡ. ನೀವು ಬೈದು ಬರೆದ ಆ ಮಾತುಗಳಲ್ಲಿ ಎಷ್ಟು ಜೀವವಿತ್ತು! ಅದೇ ಬಾಯಲ್ಲಿ ಸಂಡಿಗೆಯ ಬಗ್ಗೆ ಬರೆದರೆ ಯಾರು ಕೊಳ್ಳದೆ ಇರುತ್ತಾರೆ?

ಯಾರಾದರೂ ಒಂದು ನಕ್ಷತ್ರ ಕೊಟ್ಟು ಬೈದ ದಿನ ನನಗೆ ಫೋನ್ ಮಾಡಿ. ಮಾಮಿಯ ಹತ್ತಿರ ಮಾತಾಡಿಸುತ್ತೇನೆ. ಅಣ್ಣನಿಗೆ ನಮಸ್ಕಾರ ಹೇಳಿ. ಬಾಯೆಲ್ಲ ಸಂಡಿಗೆಯ ನೆನಪಾಗಿ ಈ ಕಾಗದ ಮುಗಿಸುತ್ತಿದ್ದೇನೆ.

ನಿಮ್ಮ ಬೈಗುಳ ತಿಂದು ತಂಗಿಯಾದ,
ಜೈತೂನ್ ಬೀವಿ

ಮರೆತದ್ದು: ನಿಜ ಹೇಳಬೇಕೆಂದರೆ ಮರೆಯಲಿಲ್ಲ, ಕೊನೆಯಲ್ಲಿ ಬರೆಯಿರಿ ಎಂದು ಅಪ್ಪಣೆಯಾಗಿತ್ತು. ನಿನ್ನೆ ನಮಗೊಂದು ಹೊಸ ಆರ್ಡರು ಬಂತು. ತೊಟ್ಟಿಲಿಗೆ ಹಿಡಿಯುವಷ್ಟು ಪುಟ್ಟ ಚಾಪೆ, ಭಾದ್ರಪದದ ಹೊತ್ತಿಗೆ ಬೇಕಂತೆ. ಹೆಸರಿನ ಜಾಗ ಖಾಲಿ ಬಿಟ್ಟು, “ಇದನ್ನ ನಮ್ಮಮ್ಮ ಆರಿಸ್ತಾರೆ, ಅವ್ರನ್ನೇ ಕೇಳಿ” ಎಂದು ಬರೆದಿದ್ದಾಳೆ. ಬಾಯಿಬಿಟ್ಟು ಹೇಳಲು ನಾಚಿಕೆಯಂತೆ ನಿಮ್ಮ ಮೀನ್ಗಣ್ಣಿಗೆ. ಅಜ್ಜಿಯಾಗುವವರೇ, ಬೇಗ ಯೋಚಿಸಿ ಹೇಳಿ, ಹುಡುಗನಾದರೆ ಒಂದು, ಹುಡುಗಿಯಾದರೆ ಒಂದು.