ಜಾಯಿನ್ ಅಂದರೆ ಏನು, ಅಕ್ಕೋರ?

ಅಕ್ಕೋರ,

ನೀವಿದ್ದಿದ್ದರೆ ಮೊದಲ ಸಾಲಿಗೇ ಕೆಂಪು ಗೆರೆ ಎಳೆದು, ಇಂಗ್ಲಿಷ್ ಟೀಚರಿಗೆ ಕನ್ನಡದಲ್ಲಿ ಯಾಕೆ ಪತ್ರ ಅಂತ ಕೇಳುತ್ತಿದ್ದಿರಿ. ಜಗಳ ನನಗೆ ಕನ್ನಡದಲ್ಲೇ ಬರುತ್ತದೆ, ಪ್ರೀತಿಯೂ ಅದರಲ್ಲೇ. ಏನು ಮಾಡಲಿ?

ಮೊನ್ನೆ ದೇವರ ಹಿಪ್ಪರಗಿಯ ಸಾಲಿಯಲ್ಲಿ ಬೋರ್ಡಿನ ಮೇಲೆ 'ಜಾಯಿನ್' ಬರೆದು ಅರ್ಥ ಕೇಳಿದೆ. ಹುಡುಗಿಯರು ಮುಗಿಬಿದ್ದರು. ಒಬ್ಬಳ ಅಣ್ಣ ಮಿಲಿಟ್ರಿಗೆ ಜಾಯಿನ್ ಆಗಿದ್ದ. ಇನ್ನೊಬ್ಬಳ ಅಪ್ಪ ಹರಿದ ಹಗ್ಗ ಜಾಯಿನ್ ಮಾಡಿದ್ದ. ಹಿಂದಿನ ಬೆಂಚಿನವಳು ಮೊಬೈಲಿನ ಯಾವುದೋ ಗ್ರೂಪಿಗೆ ಜಾಯಿನ್ ಆಗಿ ಅವ್ವನಿಂದ ಬೈಸಿಕೊಂಡಿದ್ದಳು. ಎಲ್ಲವೂ ಸರಿ ಎಂದೆ. 'ಜಾಯಿನ್ ವಿತ್ ಅಸ್' ಎಂದವಳನ್ನು ಮಾತ್ರ ನಿಮ್ಮ ಮಾತಿನಲ್ಲೇ ತಡೆದೆ: "ನಡುವ 'ವಿತ್' ಯಾಕವಾ? ತಗದ್ರ ಇನ್ನೂ ಹತ್ರ ಬರ್ತಾರ."

ನೀವು ನಮಗೆ ಆ ಪದ ಕಲಿಸಿದ ದಿನ ನೆನಪಿದೆಯೆ? 'ವಿಲ್ ಯು ಜಾಯಿನ್ ಅಸ್ ಫಾರ್ ಲಂಚ್?' ಅಂತ ಓದಿ ಪುಸ್ತಕ ಮುಚ್ಚಿದಿರಿ. ನಮ್ಮ ಕಡೆ ಉಣ್ಣುವವರು ದಾರಿಹೋಕರಿಗೂ "ಬರ್ರಿ, ಊಟ ಮಾಡೂಣು" ಅನ್ನುತ್ತಾರಲ್ಲ, ಅದೇ ಇದು ಎಂದಿರಿ. ಯಂಕಂಚಿಯಿಂದ ಸಿಂದಗಿಯ ನಿಮ್ಮ ಸಾಲಿಗೆ ಬಸ್ಸು ಹಿಡಿದು ಬರುತ್ತಿದ್ದ ಕುರಿ ಕಾಯುವವರ ಮಗಳು ನಾನು, ಸುಮ್ಮನೆ ಕೂತಿರಬಹುದಿತ್ತು. ಸುಮ್ಮನೆ ಕೂತರೆ ನಾನ್ಯಾಕೆ! ಎದ್ದು ನಿಂತು ಕೇಳಿಯೇಬಿಟ್ಟೆ:

"ಮತ್ತ ನೀವ್ಯಾಕ್ರಿ ಒಬ್ಬರ ಉಣ್ತೀರಿ?"

ನಿಮ್ಮ ಅತ್ತೆಯ ಮಡಿ ಸಿಂದಗಿಗೆಲ್ಲ ಗೊತ್ತಿದ್ದದ್ದೇ. ಬಳ್ಳೊಳ್ಳಿ ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ನಮ್ಮಂಥವರು ಪಡಸಾಲೆ ದಾಟುತ್ತಿರಲಿಲ್ಲ. ನೀವು ಬೈಯಲಿಲ್ಲ. ಮರುದಿನ ಡಬ್ಬಿ ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ನಮ್ಮ ನಡುವೆ ಬಂದು ಕೂತಿರಿ. ನನ್ನವ್ವ ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿಗೆ, ನಮ್ಮ ಹಿಂಡಿಗೆ, ಕೈ ಚಾಚಿದಿರಿ. ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೇ ಬಂದದ್ದೇನು? ನನಗಂತೂ ಈಗಲೂ...

ಆಮೇಲೆ ದಿನಾಲೂ ನಿಮ್ಮ ಚಪಾತಿ ನಮಗೆ, ನಮ್ಮ ರೊಟ್ಟಿ ಹಿಂಡಿ ನಿಮಗೆ. ಅತ್ತೆಗೆ ಗೊತ್ತಾಗಬಾರದು ಅಂತ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಿರಿ. "ಒಂದಿನ ನಮ್ಮ ಅಡಿಗಿಮನ್ಯಾಗ ಕೂಡಿಸಿ ಉಣಸ್ತೇನಿ ನಿನಗ" ಅಂತ ಎಷ್ಟು ಸಲ ಹೇಳಿಲ್ಲ? ಆ ದಿನ ಬರುವ ಮೊದಲೇ ನೀವು ಹೋದಿರಿ. ಕೊನೆಯ ಸಲ ನಿಮ್ಮ ಮುಖ ನೋಡಲು ಬಂದಾಗಲೂ ಪಡಸಾಲೆಯಲ್ಲೇ ನಿಂತಿದ್ದೆ, ಅಕ್ಕೋರ. ಅತ್ತೆಯ ಮೇಲೆ ಆ ಸಿಟ್ಟು ನನಗಿತ್ತು.

ಈಗ ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನನಗೂ ಟೀಚರ್ ನೌಕರಿ ಆಯಿತು. ಜಾಯಿನ್ ಆದ ದಿನ ಸಂಜೆ ಪೇಢೆ ತಗೊಂಡು ನಿಮ್ಮ ಮನೆಗೆ ಹೋದೆ. ಪಡಸಾಲೆಯಲ್ಲಿಟ್ಟು, ನಿಮ್ಮ ಫೋಟೋಕ್ಕೆ ಕೈಮುಗಿದು ಹೊರಡಬೇಕು ಅಂದುಕೊಂಡಿದ್ದೆ. ನಿಮ್ಮತ್ತೆ ಒಳಗಿಂದ ಕರೆದರು. ಅಡಿಗೆಮನೆಯಲ್ಲಿ, ತಮ್ಮ ಎದುರಿಗೇ ಮಣೆ ಹಾಕಿ, ತಾಟಿಗೆ ಬಡಿಸಿದರು. ನಾನು ಮೊದಲ ತುತ್ತು ಎತ್ತಿದೆ.

"ಅಕಿ ಡಬ್ಬಿ ತೊಳೀತಿದ್ದಾಕಿ ನಾನ," ಎಂದರು. "ಬಳ್ಳೊಳ್ಳಿ ವಾಸನಿ ನನಗ ತಿಳೀತಿದ್ದಿಲ್ಲೇನು?"

ಎತ್ತಿದ ತುತ್ತು ತಾಟಿಗಿಟ್ಟೆ. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಆ ವಾಸನೆ ಬರುವುದಕ್ಕೂ ಮುಂಚೆ ನಿಮ್ಮ ಡಬ್ಬಿ ಅರ್ಧ ಹಾಗೇ ವಾಪಸು ಬರುತ್ತಿತ್ತಂತೆ, ಆಮೇಲೆ ಖಾಲಿ ಬರತೊಡಗಿತಂತೆ. ಅಷ್ಟೇ ಹೇಳಿದರು. ನಾನು ಉಂಡೆ, ಅಕ್ಕೋರ. ಹೊಟ್ಟೆ ತುಂಬ ಉಂಡೆ, ಅಳುತ್ತಲೇ.

ಹೊರಡುವಾಗ ನಿಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

"ಬರೂ ಮುಂದ ಇದರಾಗ ನಿಮ್ಮವ್ವನ ಹಿಂಡಿ ತಗೊಂಬಾ. ನಾ ತಿನ್ನೂದಿಲ್ಲ. ಮನ್ಯಾಗ ಆ ವಾಸನಿ ಬಂದು ಭಾಳ ದಿನ ಆತು."

ಅವ್ವ ಶೇಂಗಾ ಹುರಿಯುತ್ತಿದ್ದಾಳೆ. ರವಿವಾರ ಒಯ್ಯುತ್ತೇನೆ.

ನಿಮ್ಮ ಬಾಯಿಬಡಕಿ