ಏಳನೇ ಬಾಟಲಿಯ ನೀರು

ಮೇಲಿನ ಕಾಡಿನ ಶೆಡ್ಡು
ಗುರುವಾರ, ರಾತ್ರಿ ಹನ್ನೊಂದು

ಅಕ್ಕಾ,

ಹೇಗಿದ್ದೀಯ? ಗುಂಡನ ಕೆಮ್ಮು ಇಳೀತಾ? ಭಾವಂಗೆ ಈ ವಾರವೂ ರಾತ್ರಿ ಪಾಳೀನಾ? ಇಲ್ಲಿ ನಾಲ್ಕು ದಿನದಿಂದ ಒಂದೇ ಸಮನೆ ಮಳೆ. ನಿನ್ನ ಫೋನಿಗೆ ಕಾಲ್ ಹತ್ತುತ್ತಿಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಗುಂಡ ಮಲಗಿದ್ರೆ ಸೌಂಡು ಕಡಿಮೆ ಮಾಡ್ಕೋ.

'ಮಳೆನೀರು ಹಿಡಿಯೋಕೂ ಸಂಬಳ ಕೊಡ್ತಾರೇನೋ ಸೋಂಬೇರಿ' ಅಂತ ನಗ್ತೀಯಲ್ಲ, ಕೊಡ್ತಾರೆ ಕಣಕ್ಕಾ. ಬಯಲಲ್ಲಿ ಒಂದರಿಂದ ಆರನೇ ಬಾಟಲಿ, ಮರದಡಿ ಏಳರಿಂದ ಹನ್ನೆರಡು. ಬಿದ್ದ ಮಳೇಲಿ ಎಲೆಗಳು ಎಷ್ಟು ಹಿಡ್ಕೊಳ್ತವೆ, ನೆಲಕ್ಕೆ ಎಷ್ಟು ಬಿಡ್ತವೆ ಅಂತ ನಮ್ಮ ಮೇಡಂ ನೋಡ್ತಾರೆ. ನೀರಲ್ಲೂ ಭಾರದ್ದು, ಹಗುರದ್ದು ಅಂತ ಇದೆಯಂತೆ, ಐಸೋಟೋಪ್ ಅಂತಾರೆ. ಎಲೆ ಮೇಲೆ ಕೂತ ನೀರಲ್ಲಿ ಹಗುರದ್ದು ಮೊದಲು ಹಾರಿಹೋಗುತ್ತೆ, ಭಾರದ್ದು ತೊಟ್ಟಿಕ್ಕುತ್ತೆ. ಒಂದೊಂದು ಮಳೆಗೂ ಅದರದ್ದೇ ಗುರುತು. ಮೆಷಿನ್‌ಗೆ ನಾಲ್ಕು ಹನಿ ಹಾಕಿದ್ರೆ ಸಾಕು, ನೀರಿನ ಜಾತಕ ಆಚೆಗೆ.

ಮೊನ್ನೆ ಮರದಡಿಯ ಏಳನೇ ಬಾಟಲಿಗೆ ಎಡವಿ ಪೂರ್ತಿ ಚೆಲ್ಲಿಬಿಟ್ಟೆ. ಬೈಗುಳಕ್ಕೆ ಹೆದರಿ ಶೆಡ್ಡಿನ ನಲ್ಲಿಯಿಂದ ತುಂಬಿಸಿಟ್ಟೆ. ಚಿಕ್ಕಂದಿನಲ್ಲಿ ಹಾಲು ಕದ್ದು ಕುಡಿದು ನೀರು ಬೆರೆಸ್ತಿದ್ನಲ್ಲ, ಅದೇ ಬುದ್ಧಿ. ಇವತ್ತು ಮೇಡಂ ಕರೆದು, 'ಏನಪ್ಪಾ, ಬಯಲಿನ ಬಾಟಲಿಯಿಂದ ಏಳನೇದಕ್ಕೆ ಸುರಿದ್ಯಾ? ಎಲೆ ಮುಟ್ಟಿದ ಗುರುತೇ ಇಲ್ಲ, ಮೊನ್ನೆ ಬಿದ್ದ ಮಳೆ ಹಾಗೇ ಇದೆ' ಅಂದ್ರು. ತಲೆ ತಗ್ಗಿಸಿ, 'ಇಲ್ಲ ಮೇಡಂ, ನಲ್ಲೀದು' ಅಂದೆ. ಬೈಯಲಿಲ್ಲ ಅಕ್ಕಾ. ಟೀ ಲೋಟ ಕೆಳಗಿಟ್ಟು, 'ಯಾವ ನಲ್ಲಿ?' ಅಂತ ಎರಡೆರಡು ಸಲ ಕೇಳಿದ್ರು.

ಆ ನಲ್ಲಿಗೆ ಬರೋದು ಗುಡ್ಡದ ಹೊಟ್ಟೆಯ ಒರತೆ ನೀರು. ಮಣ್ಣಲ್ಲಿ ಇಂಗಿ, ಸೋಸಿ ಬರೋಕೆ ತಿಂಗಳುಗಟ್ಟಲೆ ಬೇಕಂತೆ. ಮೊನ್ನೆಯ ಮಳೆ ಮೊನ್ನೆಯೇ ನಲ್ಲಿಗೆ ಬಂದಿದೆ ಅಂದ್ರೆ ಗುಡ್ಡ ಒಳಗೆಲ್ಲೋ ಬಿರಿದಿದೆ. ಹೋದ ವರ್ಷ ನೆತ್ತಿಯ ಮರಗಳನ್ನ ಕಡಿದ್ರಲ್ಲ, ಅಲ್ಲೀಗ ಮಳೆ ತಡೆಯೋಕೆ ಎಲೆಯಿಲ್ಲ, ಮಣ್ಣು ಹಿಡಿಯೋಕೆ ಜೀವಂತ ಬೇರಿಲ್ಲ. ಮೇಡಂ ತಾಲೂಕು ಆಫೀಸಿಗೆ ಫೋನ್ ಹಚ್ಚಿದ್ರೆ, 'ಸೋಮವಾರ ಬಂದು ನೋಡ್ತೀವಿ' ಅಂದ್ರಂತೆ. ಬೆಳಕು ಹರಿದ ಮೇಲೆ ತಾವೇ ಹತ್ತಿ ನೋಡ್ತಾರೆ.

ಕೆಳಗೆ ನಿಮ್ಮ ಸಾಲುಮನೆಗೂ ಇದೇ ಒರತೆ ನೀರು. 'ನಲ್ಲೀಲಿ ಕೆಂಪು ನೀರು ಬರ್ತಿದೆ, ಗುಂಡನ ಬಟ್ಟೆಯೆಲ್ಲ ಟೀ ಬಣ್ಣ' ಅಂತ ಬೆಳಿಗ್ಗೆ ನಗ್ತಾ ಕಳಿಸಿದ್ಯಲ್ಲ, ಅದನ್ನೇ ತಿರುಗಿಸಿ ತಿರುಗಿಸಿ ಕೇಳ್ತಿದ್ದೀನಿ.

ಭಾವಂಗೆ ಕೇಳಿದೆ ಅಂತ ಹೇಳು. ಗುಂಡನ ಎರಡೂ ಕೆನ್ನೆಗೆ ಮುತ್ತು.

ನಿನ್ನ ಸೋಂಬೇರಿ ತಮ್ಮ

ಅಕ್ಕಾ, ಇನ್ನೊಂದು. ಮೊದಲಿನದನ್ನ ಕಳಿಸಿ ನೀರು ಕುಡಿಯೋಣ ಅಂತ ಎದ್ದೆ. ನಲ್ಲಿ ನಿಂತುಹೋಗಿದೆ. ಹೊರಗೆ ಹೀಗೆ ಸುರೀತಿದೆ, ನಲ್ಲೀಲಿ ಒಂದು ಹನಿ ಇಲ್ಲ. ನೀರೆಲ್ಲ ಗುಡ್ಡದ ಒಳಗೇ ತುಂಬ್ತಿದೆ, ಯಾವಾಗ ಬೇಕಾದ್ರೂ ಕುಸಿಯುತ್ತೆ. ಬೆಳಗಾಗೋವರೆಗೆ ಕಾಯಬೇಡ. ಗುಂಡನ್ನ ಎತ್ಕೋ, ಅಕ್ಕಪಕ್ಕದ ಬಾಗಿಲು ಬಡಿ, ಶಾಲೆ ದಿಬ್ಬದ ಕಡೆ ನಡಿ. ಬೀಗ ಹುಡುಕ್ತಾ ನಿಲ್ಲಬೇಡ. ಮೊದಲಿನದಕ್ಕೆ ಇನ್ನೂ ಒಂದೇ ಟಿಕ್ ಕಾಣ್ತಿದೆ, ನಿನಗೆ ತಲುಪೇ ಇಲ್ಲ. ನಾನೇ ಇಳಿದು ಬರ್ತಿದ್ದೀನಿ.